ಅರ್ಧ ಟ್ಯಾಂಕು

ಕೆಂಪು ಇಲ್ಲಿರಬಾರದಿತ್ತಲ್ಲ, ನುಜತ್ ಅಂಗೈಯಿಂದ ಪರದೆ ಒರೆಸಿದಳು, ಧೂಳಲ್ಲ, ಬೆಸುಗೆಯ ಬುಡದಲ್ಲೇ ಕೂತಿದೆ ಹಾಳಾದ್ದು — ವಿನೋಬನಗರದ ಈ ಆಫೀಸಿನಲ್ಲಿ ಕೂತು ಕಂಪ್ಯೂಟರಿನೊಳಗೆ ಬೆಸುಗೆ ಹಾಕಿ ನೋಡುವವಳು ಅವಳು, ಹರಿಹರದ ವರ್ಕ್‌ಶಾಪಿನಲ್ಲಿ ನಿಜವಾಗಿ ಹಾಕುವವನು ತಮ್ಮ ನೌಮಾನ್, ದಪ್ಪ ಪ್ಲೇಟಿಗೆ ಒಂದೇ ಸಲಕ್ಕೆ ಆಗುವುದಿಲ್ಲ, ಪದರದ ಮೇಲೆ ಪದರ, ಪ್ರತಿ ಪದರವೂ ಆರುವಾಗ ಕಬ್ಬಿಣವನ್ನು ತನ್ನತ್ತ ಎಳೆಯುತ್ತದೆ, ಟ್ಯಾಂಕನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಆ ಎಳೆತವನ್ನೇ ಲೆಕ್ಕ ಹಾಕಬೇಕಿತ್ತು, ಹಾಕಿದಳು, ಅರ್ಧಕ್ಕೆ. ಪೂರ್ತಿ ಯಾಕ್ರಿ ಮೇಡಂ, ಎರಡೂ ಕಡೆ ಒಂದೇ ಥರ ಐತಲ್ಲ, ಅರ್ಧ ಮಾಡ್ರಿ ಸಾಕು, ಅಂದಿದ್ದರು ಮ್ಯಾನೇಜರ್ ಅಂಜನಕುಮಾರ, ಅವಳಿಗೂ ಸರಿ ಅನ್ನಿಸಿತ್ತು, ಉಳಿದರ್ಧ ಕನ್ನಡಿಯಲ್ಲಿ ಕಂಡಂತೆ ತಾನೇ ಬರುತ್ತದೆ — ಬಂತು, ಹಸಿರಾಗಿ, ಎರಡೂ ಕಡೆ ಒಂದೇ ಗಳಿಗೆಯಲ್ಲಿ ಬೆಸುಗೆ ಬಿದ್ದಂತೆ, ಅಂದರೆ ಟ್ಯಾಂಕಿನ ಆಚೆ ಇನ್ನೊಬ್ಬ ನೌಮಾನ್ ಕೂತಿದ್ದಂತೆ! ಎಲ್ಲಿದ್ದಾನೆ ಇನ್ನೊಬ್ಬ, ಅಮ್ಮಿ ಹೆತ್ತದ್ದು ಒಬ್ಬನನ್ನೇ, ಅವನು ಈ ಕಡೆಯ ಪದರಗಳನ್ನೆಲ್ಲ ಮುಗಿಸಿ ಚಹಾ ಕುಡಿದು ಆ ಕಡೆಗೆ ಹೋಗುತ್ತಾನೆ, ಅಷ್ಟರಲ್ಲಿ ಕಬ್ಬಿಣ ಬಾಗಿ ಬಿಗಿದುಕೊಂಡಿರುತ್ತದೆ, ಇಷ್ಟು ಗೊತ್ತಾಗಲಿಲ್ಲವೇ ನಿನಗೆ, ಯಾಕೋ ಸಂಶಯ ಬಂದು ಪೂರ್ತಿ ಟ್ಯಾಂಕನ್ನು ಲೆಕ್ಕಕ್ಕೆ ಹಚ್ಚಿದ್ದಳು, ಮುಗಿದದ್ದು ಈಗ, ಹರಿಹರದಲ್ಲಿ ಪರೀಕ್ಷೆಗೆಂದು ಟ್ಯಾಂಕಿಗೆ ಗಾಳಿ ತುಂಬುತ್ತಿರುವ ಈ ಹೊತ್ತಿನಲ್ಲಿ, ಕೆಂಪೆಂದರೆ ತಾಳುವ ಮಿತಿ ದಾಟಿದೆ, ಒತ್ತಡ ಏರಿದರೆ ಸೀಳುತ್ತದೆ.

ಗಾಳಿ ತುಂಬಿ, ಬೆಸುಗೆಯ ಮೇಲೆ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ, ಎಲ್ಲಾದರೂ ಸೋರಿ ಗುಳ್ಳೆ ಏಳುತ್ತದೋ ಎಂದು ಮುಖ ಹತ್ತಿರ ತಂದು ನೋಡುತ್ತಾರೆ, ಹಚ್ಚುವವನು ಬೆಸುಗೆ ಹಾಕಿದವನೇ, ನನ್ನ ಕೆಲ್ಸ ನಾನೇ ನೋಡ್ಬೇಕು ಆಪಾ, ಬ್ಯಾರೆಯವರ ಕಣ್ಣು ಯಾಕ — ಹೆಮ್ಮೆ ಅವನಿಗೆ, ಫೋನ್ ಎತ್ತೋ, ನೌಮಾನ್, ಗುಳ್ಳೆ, ಗುಳ್ಳೆಯ ಹತ್ತಿರ ಅವನ ಮುಖ, ಎತ್ತುತ್ತಿಲ್ಲ, ಮೇಸ್ತ್ರಿ ಬಕ್ಕೇಶನಿಗೆ ಮಾಡಿದಳು, ಎತ್ತಿದ, ಹಿಂದೆ ಕಂಪ್ರೆಸರಿನ ಅಬ್ಬರ, ಗಾಳಿ ನಿಲ್ಲಿಸ್ರಿ, ಎಲ್ರೂ ದೂರ ಸರೀರಿ, ಏನ್ರಿ ಮೇಡಂ, ಈ ಸದ್ದಿನಾಗೆ ಏನೂ ಕೇಳ್ಸಲ್ಲ, ನೌಮಾನ್ ಬೇಕಾ, ಟ್ಯಾಂಕಿನ ಹತ್ರ ಅದಾನೆ, ಇರ್ರಿ, ಅವನ ಕಿವಿಗೇ ಇಡ್ತೀನಿ — ಬ್ಯಾಡ, ಹೋಗಬ್ಯಾಡ್ರಿ — ಹೆಜ್ಜೆ ಸದ್ದು, ಅಬ್ಬರ ಹತ್ತಿರವಾಗುತ್ತಿದೆ, ಇನ್ನೂ ಹತ್ತಿರ, ಕೊನೆಗೆ ತಮ್ಮನ ದನಿ, ಆಪಾ, ಒಂದು ನಿಮಿಷ ತಡಿ, ಇಲ್ಲೊಂದು ಗುಳ್ಳೆ ಎದ್ದೈತೆ, ನೋಡ್ತೀನಿ — ಗುಳ್ಳೆ, ಉಬ್ಬುತ್ತಿದೆ, ಅದರ ತೆಳುಮೈಯಲ್ಲಿ ಬಗ್ಗಿದ ಅವನ ಮುಖ, ಉಬ್ಬುತ್ತಿದೆ, ಗುಳ್ಳೆ —