ಪಿಸುಮಾತು ಬಾರದ ಅಹ್ಮದ್ ಬಾವ

ಜೆಪ್ಪುವಿನ ಅಹ್ಮದ್ ಬಾವರಿಗೆ ಪಿಸುಮಾತು ಎಂಬುದೇ ಬಾರದು. ಇಪ್ಪತ್ತೆರಡು ವರ್ಷ ಗಲ್ಫಿನ ದಮ್ಮಾಮಿನ ಕಾರ್ಖಾನೆಯಲ್ಲಿ ಯಂತ್ರಗಳ ಆರ್ಭಟವನ್ನು ಮೀರಿಸಿ ಮೀರಿಸಿ ಪಳಗಿದ ಆ ಕಂಠ, ರಜೆಯಲ್ಲಿ ಬಂದಾಗ ಮಸೀದಿಯ ಮೆಟ್ಟಿಲಲ್ಲಿ ಯಾರದೋ ಕಿವಿಗೆ ಗುಟ್ಟು ಹೇಳಿದರೆ ರಸ್ತೆಯಾಚೆಯ ಮೀನಿನವಳು ಉತ್ತರ ಕೊಡುತ್ತಾಳೆ. ಮುಂದಕ್ಕೆ ಬಾಗಿದ ನಡಿಗೆ, ಸದಾ ಅಂಗಿಯ ಜೇಬು ತಡವುವ ಬಲಗೈ, ಮಾತಿಗೊಮ್ಮೆ "ಸುಳ್ಳೆಂತಕ್ಕೆ ಮಾರಾಯ?" ಇಷ್ಟಾದರೆ ಬಾವರ ಚಿತ್ರ ಮುಕ್ಕಾಲು ಮುಗಿಯಿತು.

ಉಳಿದ ಕಾಲು ಭಾಗ ಓಟಿನದ್ದು. ಗಲ್ಫಿನಲ್ಲಿದ್ದೇವೆಂದು ಬಾಯಿಬಿಟ್ಟರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ, ಮತ್ತೆ ಜನ್ಮದಲ್ಲಿ ಸೇರಿಸುವುದಿಲ್ಲ ಎಂದು ಯಾವ ಪುಣ್ಯಾತ್ಮ ಹಬ್ಬಿಸಿದನೋ, ಅವನ ನಾಲಿಗೆಗೆ ಬರೆ ಎಳೆಯಬೇಕು! ಆ ಹೆದರಿಕೆಗೆ ಬಾವರ ಹೆಂಡತಿ ಅಲೀಮಮ್ಮ, ಮತದಾರರ ಪಟ್ಟಿ ಹಿಡಿದು ಬಂದವರಿಗೆಲ್ಲ "ಪೇಟೆಗೆ ಹೋಗಿದ್ದಾರೆ" ಎಂದೇ ಹೇಳುತ್ತಿದ್ದರು. ಒಮ್ಮೆ ಪಟ್ಟಿಯ ಕೆಲಸಕ್ಕೆ ಬಂದ ಅಂಗನವಾಡಿಯ ಹೇಮಾಕ್ಷಿ ಟೀಚರಿಗೂ ಅದನ್ನೇ ಹೇಳಿದರು. ಆದರೆ ಆಗ ಅಲೀಮಮ್ಮನವರ ಕೈಯ ಮೊಬೈಲಿನಲ್ಲಿ ಬಾವರೇ ಮಾತಾಡುತ್ತಿದ್ದರು.

"ಯಾರು ಪೇಟೆಗೆ ಹೋದದ್ದು? ನಾನು ದಮ್ಮಾಮಿನಲ್ಲಿದ್ದೇನಲ್ಲ!"

ಅಲೀಮಮ್ಮ ಮೊಬೈಲನ್ನು ಶಾಲಿನೊಳಗೆ ತುರುಕಿದರು. ಶಾಲಿನೊಳಗಿಂದಲೂ "ಸುಳ್ಳೆಂತಕ್ಕೆ?" ಕೇಳಿಸಿತು.

ಹೇಮಾಕ್ಷಿ ನಗು ತಡೆದು ಶಾಲಿನತ್ತ ಬಾಗಿ, "ಬಾವಾಕ, ಬೇರೆ ದೇಶದ ಪೌರತ್ವ ತೆಗೊಂಡಿದ್ದೀರಾ?" ಎಂದರು.

"ಕೊಟ್ಟರೂ ಬೇಡ ಟೀಚರೇ. ನನ್ನದು ಇಂಡಿಯಾ ಪಾಸ್‌ಪೋರ್ಟ್."

"ಮತ್ತೆ ಹೆದರಿಕೆ ಎಂತದು? ಹೊರದೇಶದಲ್ಲಿರುವವರಿಗೇ ಇರುವ ಆರು-ಎ ಫಾರಂ ತುಂಬಿ. ಪಾಸ್‌ಪೋರ್ಟಿನ ಜೆಪ್ಪು ವಿಳಾಸದಲ್ಲೇ ಹೆಸರು ಇರ್ತದೆ. ಆದರೆ ಹಳೇ ಓಟಿನ ಕಾರ್ಡು ವಾಪಸ್ ಕೊಡ್ಬೇಕು. ಓಟು ಹಾಕ್ಲಿಕ್ಕೆ ಪಾಸ್‌ಪೋರ್ಟ್ ಹಿಡ್ಕೊಂಡು ನೀವೇ ಬರ್ಬೇಕು."

ಬಾವರು ಫಾರಂ ತುಂಬಿದರು; ಕರಿಮೀಸೆಯ ಫೋಟೊ ಇದ್ದ ಹಳೇ ಕಾರ್ಡು ವಾಪಸ್ ಹೋಯಿತು. "ಕಾರ್ಡೂ ಹೋಯ್ತು, ಓಟೂ ಹೋಯ್ತು. ನಿಮ್ಮ ಸತ್ಯವನ್ನು ಉಪ್ಪು ಹಾಕಿ ನೆಕ್ಕಿ" ಎಂದು ಅಲೀಮಮ್ಮ ತಿಂಗಳುಗಟ್ಟಲೆ ಚುಚ್ಚಿದರು. ಹೊರಗೆ ಆರ್ಭಟಿಸುತ್ತಿದ್ದರೂ ಬಾವರ ಒಳಗೂ ಅದೇ ಭಯ.

ಚುನಾವಣೆಗೆ ರಜೆ ಹಾಕಿ ಬಂದರು. ಮತಗಟ್ಟೆಯ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಪಟ್ಟಿಯ ಹಾಳೆ ತಿರುವಿದರು, ಇನ್ನೊಂದು ತಿರುವಿದರು. ಬಾವರ ಕೈ ಕಾರ್ಡಿಲ್ಲದ ಖಾಲಿ ಜೇಬನ್ನೇ ತಡವುತ್ತಿತ್ತು. ಹೊರದೇಶದಲ್ಲಿರುವವರ ಹೆಸರಿನ ಕಟ್ಟಕಡೆಯ ಹಾಳೆಯಲ್ಲಿ ಬೆರಳು ನಿಂತಿತು. ಇಡೀ ಕೋಣೆಗೆ ಕೇಳುವಂತೆ ಅಧಿಕಾರಿ ಓದಿದರು: "ಅಹ್ಮದ್ ಬಾವ."

ಮನೆಯಲ್ಲಿ ಅಲೀಮಮ್ಮ, "ಯಾರಿಗೆ ಹಾಕಿದ್ದು?" ಎಂದರು. ಬಾವರು ಬಗ್ಗಿ ಏನೋ ಹೇಳಿದರು.

"ಎಂತ? ಕೇಳುದಿಲ್ಲ!"

"ಅದು ಹೇಳ್ಲಿಕ್ಕಿಲ್ಲ" ಎಂದರು ಇನ್ನೊಮ್ಮೆ, ಅಷ್ಟೇ ಮೆಲ್ಲಗೆ.

ದೂರದಲ್ಲಿ ದುಡಿಯುವವರು ಊರಿಗೆ ಕೇಳಲೆಂದು ಕೂಗಿ ಕೂಗಿಯೇ ಬಾಳುತ್ತಾರೆ. ಊರು ಒಮ್ಮೆ ಅವರ ಹೆಸರನ್ನು ಗಟ್ಟಿಯಾಗಿ ಓದಿದರೆ ಸಾಕು, ಅಂಥವರಿಗೂ ಪಿಸುಮಾತು ಬರುತ್ತದೆ.