ಆರು ತಿಂಗಳ ಮುದ್ರೆ

ನಸುಕಿನ ಐದು ಗಂಟೆಗೆ ರೆಸಾರ್ಟಿನ ಬಾಗಿಲಿಗೆ ಬಸ್ಸು ಬರುತ್ತದೆ ಎಂದಿದ್ದರು. ಅದು ನಾಲ್ಕೂಮುಕ್ಕಾಲಿಗೇ ಬಂದು ನಿಂತಿತ್ತು. ಲೀಲಮ್ಮ ನಾಲ್ಕಕ್ಕೇ ಎದ್ದು, ಸ್ನಾನ ಮುಗಿಸಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಹನ್ನೊಂದು ತಿಂಗಳ ಮೊಮ್ಮಗಳು ಇಂಚರಾಳಿಗೆ ರಾಗಿ ಸರಿ ಕಲಸಿ ಫ್ಲಾಸ್ಕಿಗೆ ತುಂಬಿಸಿ, ಎಲ್ಲರಿಗಿಂತ ಮೊದಲು ಸಿದ್ಧಳಾಗಿದ್ದಳು. ಮಗ ಸುಮುಖ್ ಮತ್ತು ಸೊಸೆ ಶರ್ವಾಣಿ ಮಾತ್ರ ಸನ್‌ಸ್ಕ್ರೀನನ್ನು ಎಲ್ಲಿಟ್ಟೆ ಎಂದು ಒಬ್ಬರನ್ನೊಬ್ಬರು ಇನ್ನೂ ದೂರುತ್ತಿದ್ದರು. ನೋಡಹೊರಟಿದ್ದ ಮೆಕ್ಸಿಕೋದ ಗೋಪುರದ, ಸಾವಿರ ವರ್ಷದಿಂದ ನಿಂತಿರುವ ಕಲ್ಲುಗಳು ಇನ್ನೆರಡು ಗಂಟೆ ಕಾಯಲಾರವೇ ಎಂದು ಯಾರಾದರೂ ಕೇಳಬಹುದು. ಕಲ್ಲು ಕಾಯುತ್ತದೆ, ಬಿಸಿಲು ಕಾಯುವುದಿಲ್ಲ, ಬೇರೆ ಬಸ್ಸುಗಳಂತೂ ಕಾಯುವುದೇ ಇಲ್ಲ ಎಂದು ಗೈಡು ನಗುತ್ತಾ ಹೇಳಿ, ಎಲ್ಲರ ಎದೆಗೂ ಒಂದೊಂದು ಹಳದಿ ಚೀಟಿ ಅಂಟಿಸಿದ. ಮಂದೆಯ ಕುರಿಗೆ ಬಣ್ಣ ಹಚ್ಚಿದ ಹಾಗೆ. ಲೀಲಮ್ಮನದು ಹನ್ನೆರಡನೇ ನಂಬರು.

ಆದರೂ ಅವಳಿಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು. ಸೆಪ್ಟೆಂಬರಿನಲ್ಲಿ ತಿಪಟೂರಿನಿಂದ ಕೆನಡಾದ ಮಿಸಿಸಾಗಕ್ಕೆ ಬಂದವಳು, ಮೆಡೋವೇಲ್ ಬಡಾವಣೆಯ ಮಗನ ಮನೆಯಲ್ಲಿ ಐದು ತಿಂಗಳಿಂದ ಮಗು, ಅಡುಗೆ, ಮಡಚುವ ಬಟ್ಟೆ ಇಷ್ಟರಲ್ಲೇ ಸುತ್ತುತ್ತಿದ್ದಳು. ನವೆಂಬರಿನಿಂದ ಈಚೆಗೆ ಹಿಮ ಬಿದ್ದೂ ಬಿದ್ದೂ ಹೊಸ್ತಿಲು ದಾಟುವುದೇ ಒಂದು ಸಾಹಸ. ಬೂಟು ಹಾಕಿ, ಕೋಟು ಹಾಕಿ, ಮಗುವಿಗೂ ಹಾಕಿ ಮುಗಿಸುವಷ್ಟರಲ್ಲಿ ಹೊರಗೆ ಹೋಗುವ ಆಸೆಯೇ ಹೋಗುತ್ತಿತ್ತು. ಮಕ್ಕಳು ತಾವಾಗಿಯೇ "ಅಮ್ಮಾ, ನಿನಗೂ ಮೆಕ್ಸಿಕೋ ತೋರಿಸ್ತೀವಿ" ಎಂದಾಗ ಅವಳು ಊರಿನ ಗೆಳತಿ ಗಿರಿಜಾಳಿಗೆ ಫೋನು ಮಾಡಿ ಅರ್ಧ ಗಂಟೆ ಕೊಚ್ಚಿಕೊಂಡಿದ್ದಳು. ಈ ಪ್ರವಾಸ ಮುಗಿಸಿ ಮೂರು ವಾರಕ್ಕೆ, ಫೆಬ್ರವರಿ ಹದಿನೆಂಟಕ್ಕೆ, ಅವಳು ಊರಿಗೆ ಹೊರಡುವುದು. ಹೊರಡುವ ಮುಂಚೆ ಸಿಕ್ಕ ಬಾಗಿನ ಎಂದುಕೊಂಡಿದ್ದಳು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವಳು ರಾಜೇಶ್ವರಿ. ಧಾರವಾಡದ ಕಡೆಯವಳು, ಗಂಡ ಚನ್ನಬಸಪ್ಪ ನಿವೃತ್ತ ಎಂಜಿನಿಯರು, ಮಿಸಿಸಾಗಕ್ಕೆ ಬಂದು ನಲವತ್ತು ವರ್ಷವಾಯಿತು. ಕನ್ನಡ ಸಂಘದ ಪರಿಚಯ. ಎರಡೂ ಮನೆಯವರು ಒಟ್ಟಿಗೇ ಬುಕ್ ಮಾಡಿಸಿದ್ದರು. ರಾಜೇಶ್ವರಿಗೆ ಕೆಟ್ಟ ಮನಸ್ಸಿಲ್ಲ. ಬಾಯಿಗೆ ಬಾಗಿಲಿಲ್ಲ, ಅಷ್ಟೆ.

"ಅಂತೂ ನಿಮ್ಮ ಮಗ ನನ್ನ ಮಾತು ಕೇಳಿದ ನೋಡ್ರಿ ಲೀಲಮ್ಮಾರ," ಎಂದಳು, ಊರ ದೀಪಗಳು ಹಿಂದೆ ಸರಿದು ಎರಡೂ ಕಡೆ ಕತ್ತಲೆಯ ಕಾಡು ಶುರುವಾದಾಗ. "ನಾನ ಹೇಳಿದ್ದು ಅವಗ. ವೀಸಾದ ಅರ್ಜಿ ಗಿರ್ಜಿ ಹಾಕ್ಕೋಂತ ಕುಂಡ್ರಬ್ಯಾಡೋ ತಮ್ಮಾ, ಒಂದು ವಾರ ಮೆಕ್ಸಿಕೋಕ್ಕ ಕರಕೊಂಡು ಹೋಗಿ ಬಾ, ತಿರುಗಿ ಬರೂಮುಂದ ಏರ್‌ಪೋರ್ಟಿನ್ಯಾಗ ಹೊಸಾ ಆರು ತಿಂಗಳು ಕೊಡ್ತಾರಂತ. ನಮ್ಮ ಬೀಗ್ತಿಗೂ ಹಿಂಗ ಮಾಡಿದ್ವಿ."

"ಏನು ಆರು ತಿಂಗಳು?"

"ಇರಾಕ್ರೀ! ಆಗಸ್ಟ್ ತನಕ ಇರ್ತೀರಂತಲ್ಲ, ಕೂಸಿಗೆ ಡೇಕೇರಿನ್ಯಾಗ ಜಾಗ ಸಿಗೂತನಕ. ಶರ್ವಾಣಿ ಮಾರ್ಚಿಗೆ ಕೆಲಸಕ್ಕ ಹೋಗಬೇಕಲ್ಲ." ರಾಜೇಶ್ವರಿ ತಿರುಗಿ ನೋಡಿದಳು. "ಯಾಕ್ರೀ, ನಿಮಗ ಗೊತ್ತಿಲ್ಲೇನು?"

"ಗೊತ್ತು, ಗೊತ್ತು," ಎಂದಳು ಲೀಲಮ್ಮ. ಹೆತ್ತ ಮಗನನ್ನು ಹತ್ತು ಜನರ ಮುಂದೆ ಬಿಟ್ಟುಕೊಡಬಾರದು ಎನ್ನುವುದು ಅವಳ ಅಮ್ಮ ಹೇಳಿಕೊಟ್ಟ ಪಾಠ. ಗಂಡ ತೀರಿಕೊಂಡ ಮೇಲಂತೂ ಅದನ್ನು ಅವಳು ಒಂದು ದಿನವೂ ಮುರಿದವಳಲ್ಲ.

ಬಸ್ಸಿನ ಏಸಿ ಮೂಳೆಗೆ ಇಳಿಯುತ್ತಿತ್ತು. ಕಿಟಕಿ ತೆರೆಯೋಣವೆಂದು ಬೆರಳಾಡಿಸಿದರೆ ಅದು ಪೂರ್ತಿ ಒಂದೇ ಗಾಜು, ತೆರೆಯುವುದಕ್ಕೆ ಮಾಡಿದ್ದೇ ಅಲ್ಲ. ಎರಡು ಸೀಟು ಮುಂದೆ ಸುಮುಖ್‌ನ ತಲೆ ನಿದ್ದೆಯಲ್ಲಿ ತೂಗಾಡುತ್ತಿತ್ತು. ಎದ್ದು ಹೋಗಿ ಆ ತಲೆಗೊಂದು ಮೊಟಕಬೇಕು ಎನ್ನಿಸಿತು ಲೀಲಮ್ಮನಿಗೆ. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿಕೊಂಡು ಕತ್ತಲೆ ನೋಡುತ್ತಾ ಕೂತಳು. ಇನ್ನೂ ಎರಡು ಗಂಟೆಯ ದಾರಿ. ಇಳಿದು ಎಲ್ಲಿಗೆ ಹೋಗುವುದು?

ಆಗಸ್ಟ್ ಎಂದರೆ ಒಂದು ವರ್ಷದ ಹಪ್ಪಳ ಹೋಯಿತು ಎಂದರ್ಥ. ನಗಬೇಡಿ. ತಿಪಟೂರಿನ ಕೋಟೆ ಬೀದಿಯಲ್ಲಿ ಗಿರಿಜಾಳ ಮನೆಯ ಮಾಳಿಗೆಯ ಮೇಲೆ ಲೀಲಮ್ಮ, ಗಿರಿಜಾ ಸೇರಿ ಹನ್ನೆರಡು ವರ್ಷದಿಂದ ಹಪ್ಪಳ ಸಂಡಿಗೆ ಹಾಕುತ್ತಿದ್ದಾರೆ. ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಶುರು, ಮುಂಗಾರಿನ ಮೊದಲ ಹನಿ ಬಿದ್ದರೆ ಮುಕ್ತಾಯ. ಲಟ್ಟಿಸುವುದಕ್ಕೆ ಆರು ಹೆಂಗಸರು ಬರುತ್ತಾರೆ, ಬೆಂಗಳೂರಿನ ತನಕ ಗಿರಾಕಿಗಳಿದ್ದಾರೆ. ಹಿಟ್ಟಿನ ಹದ ಮಾತ್ರ ಲೀಲಮ್ಮನ ಕೈಯದು. ಕಳೆದ ಸಲ ಫೋನಿನಲ್ಲೇ ಗಿರಿಜಾ ಹೇಳಿಬಿಟ್ಟಿದ್ದಳು: "ನೀನು ಬರ್ದೇ ಇದ್ರೆ ಈ ವರ್ಷ ಹಾಕಲ್ಲ ಕಣೆ. ಒಂದ್ ವರ್ಷ ನಿಲ್ಸಿದ್ರೆ ಗಿರಾಕಿಗಳು ಬೇರೆ ಕಡೆ ಹೋಗ್ತಾರೆ. ಆಮೇಲೆ ಮುಗೀತು." ಆ ಮಾಳಿಗೆಯ ಮೇಲೆ ಲೀಲಮ್ಮ ಯಾರ ತಾಯಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ. ಅಲ್ಲಿ ಅವಳು ಹೇಳಿದ್ದು ನಡೆಯುತ್ತದೆ. ಐವತ್ತು ದಾಟಿದ ಮೇಲೆ ಅವಳು ತಾನೇ ಕಟ್ಟಿಕೊಂಡ ಒಂದೇ ಒಂದು ವಸ್ತು ಅದು.

ಎಂಟು ಗಂಟೆಗೆ ಗೇಟು ತೆರೆಯಿತು. ಮರಗಳ ನಡುವಿನಿಂದ ಹೊರಬಂದದ್ದೇ ಎದುರಿಗೆ ಆ ದೊಡ್ಡ ಮೆಟ್ಟಿಲು ಗೋಪುರ, ಎಳೆ ಬಿಸಿಲಿನಲ್ಲಿ ಬೆಳ್ಳಗೆ. ಬೇರೆ ದಿನವಾಗಿದ್ದರೆ ಲೀಲಮ್ಮ ಕೈ ಮುಗಿಯುತ್ತಿದ್ದಳು. ಮಾಯಾ ಜನ ಸೂರ್ಯನ ಲೆಕ್ಕ ಹಾಕಿ ಕಟ್ಟಿದ್ದು, ನಾಲ್ಕೂ ಕಡೆಯ ಮೆಟ್ಟಿಲಿಗೆ ಮೇಲಿನದೊಂದು ಸೇರಿಸಿದರೆ ವರ್ಷದ ದಿನಗಳಷ್ಟಾಗುತ್ತವೆ ಎಂದು ಗೈಡು ಹೇಳುತ್ತಿದ್ದ. ಅವನು ಚಪ್ಪಾಳೆ ತಟ್ಟಿದರೆ ಮೆಟ್ಟಿಲುಗಳಿಂದ ಹಕ್ಕಿ ಕೂಗಿದ ಹಾಗೆ ಸದ್ದು ವಾಪಸ್ಸು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಮುಖ್ ಅಮ್ಮನ ಕೈಯನ್ನೂ ಹಿಡಿದು ತಟ್ಟಿಸಿ ವಿಡಿಯೋ ಮಾಡಿಕೊಂಡ. "ನಗಮ್ಮಾ ಸ್ವಲ್ಪ" ಎಂದ.

ಅವನನ್ನು ಒಂಟಿಯಾಗಿ ಹಿಡಿಯುವುದೇ ಆಗಲಿಲ್ಲ. ಗೈಡು ಮಾತಾಡುತ್ತಲೇ ಇದ್ದ, ಹೆಜ್ಜೆ ಹೆಜ್ಜೆಗೂ ತಲೆ ಎಣಿಸುತ್ತಿದ್ದ. ಒಬ್ಬರು ಹಿಂದೆ ಬಿದ್ದರೂ ಹಳದಿ ಕೊಡೆ ಎತ್ತಿ ಕರೆಯುತ್ತಿದ್ದ. ಕೊನೆಗೆ ಬಲಿ ಕೊಡುತ್ತಿದ್ದರೆನ್ನುವ ಆ ದೊಡ್ಡ ಬಾವಿಯ ಹತ್ತಿರ ಹತ್ತು ನಿಮಿಷ ಬಿಡುವು ಸಿಕ್ಕಿತು. ಹಸಿರು ನೀರು ಎಷ್ಟೋ ಆಳದಲ್ಲಿ ಅಲುಗಾಡದೆ ನಿಂತಿತ್ತು. ಶರ್ವಾಣಿ ಮಗುವಿನ ಡೈಪರ್ ಬದಲಿಸಲು ಹೋಗಿದ್ದಳು.

"ನಾನು ಆಗಸ್ಟ್ ತನಕ ಇರ್ತೀನಂತೆ?" ಎಂದಳು ಲೀಲಮ್ಮ.

ಸುಮುಖ್‌ನ ಮುಖ ಪೆಚ್ಚಾಯಿತು. ಆಮೇಲೆ ನಕ್ಕ. "ಓ, ರಾಜೇಶ್ವರಿ ಆಂಟಿ ಹೇಳ್ಬಿಟ್ರಾ? ನಾನೇ ಹೇಳೋಣ ಅಂತಿದ್ದೆ ಕಣಮ್ಮ. ಡೇಕೇರ್ ವೇಟಿಂಗ್ ಲಿಸ್ಟಲ್ಲಿ ನಾವು ಟ್ವೆಂಟಿ ಥರ್ಡ್. ಶರ್ವಾಣಿ ಲೀವ್ ಮುಗೀತಾ ಬಂತು. ಆರೇ ತಿಂಗಳು. ಸ್ಟಾಂಪ್ ಬಿದ್ಮೇಲೆ ನಿನ್ ಟಿಕೆಟ್ ಡೇಟ್ ಚೇಂಜ್ ಮಾಡಿಸಿದ್ರಾಯ್ತು."

"ನನ್ ಹಪ್ಪಳ?"

"ಅಯ್ಯೋ ಅಮ್ಮ, ಹಪ್ಪಳಾನಾ? ಅದು ಇಂಡಿಯನ್ ಸ್ಟೋರಲ್ಲೂ ಸಿಗತ್ತೆ."

ಲೀಲಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆ ಹಪ್ಪಳದ ದುಡ್ಡಿನಿಂದಲೇ ಇವನ ಕೊನೆಯ ವರ್ಷದ ಕಾಲೇಜು ಮುಗಿದದ್ದು ಎಂದು ಹೇಳಬಹುದಿತ್ತು. ಅದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದರೆ ಹೇಳಿ ಏನು ಪ್ರಯೋಜನ?

"ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ಕಣೋ."

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದ ಸುಮುಖ್ ಸಹಜವಾಗಿ, ಬಸ್ಸಿನ ಸಮಯ ಹೇಳುವವನ ಹಾಗೆ. ಅಷ್ಟರಲ್ಲಿ ಹಳದಿ ಕೊಡೆ ಮೇಲೆದ್ದಿತು. ಗೈಡು ಹನ್ನೆರಡನೇ ನಂಬರನ್ನು ನೋಡಿ, ಬನ್ನಿ ಅಮ್ಮ ಎನ್ನುವಂತೆ ಕೈ ಬೀಸಿದ, ಅವಳು ಮಂದೆಯ ಹಿಂದೆ ನಡೆದಳು.

ಉಳಿದ ಮೂರು ದಿನ ರೆಸಾರ್ಟಿನಲ್ಲಿ ಸಮುದ್ರ ನೀಲಿಯಾಗಿ, ಊಟ ರಾಶಿ ರಾಶಿಯಾಗಿ ಇತ್ತು. ಲೀಲಮ್ಮ ಮೊಸರನ್ನ ಹುಡುಕುತ್ತಾ ಸಾಲಿನಲ್ಲಿ ನಿಂತು, ಸಿಗದೆ ವಾಪಸ್ಸು ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಮಗುವಿನ ಮೇಲೇನು ಸಿಟ್ಟು? ಇಂಚರಾ ಅವಳ ಮೂಗುಬಟ್ಟು ಹಿಡಿದು ಎಳೆದು "ಅಜ್ಜೀ" ಎನ್ನುವುದನ್ನು ಆ ವಾರವೇ ಕಲಿತಳು. ಅಪ್ಪ ಅಮ್ಮ ಎನ್ನುವುದಕ್ಕಿಂತ ಮೊದಲು. ಬೇಲಿಯಂತಹ ಬೇಲಿ ಅದು, ಯಾವ ಬೀಗವೂ ಬೇಕಾಗಿಲ್ಲ. ಅದೇ ಸಂಜೆ ಗಿರಿಜಾಳ ಮೆಸೇಜು ಬಂತು: ಉದ್ದಿಗೆ ಹೇಳಿದ್ದೀನಿ, ಹೆಂಗಸರಿಗೂ ಹೇಳಿದ್ದೀನಿ, ಹದಿನೆಂಟಕ್ಕೆ ಹೊರಡ್ತೀಯ ತಾನೆ? ಲೀಲಮ್ಮ ಅದನ್ನು ನಾಲ್ಕು ಸಲ ಓದಿ ಉತ್ತರ ಬರೆಯದೆ ಫೋನು ಮುಚ್ಚಿದಳು. ಇರುತ್ತೇನೆ ಎಂದರೂ ಅಳು, ಹೋಗುತ್ತೇನೆ ಎಂದರೂ ಅಳು. ಅತ್ತ ದರಿ, ಇತ್ತ ಪುಲಿ ಎಂದು ಶಾಲೆಯಲ್ಲಿ ಓದಿದ್ದು ಈಗ ಅರ್ಥವಾಯಿತು.

ಭಾನುವಾರ ಮಧ್ಯಾಹ್ನ ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೊರಗೆ ಹಿಮ ಸುರಿಯುತ್ತಿತ್ತು. ಉದ್ದದ ಸರತಿಯಲ್ಲಿ ನಿಂತಾಗ ಸುಮುಖ್ ಮೆಲ್ಲಗೆ ಹೇಳಿದ: "ನೀನೇನೂ ಮಾತಾಡ್ಬೇಡಮ್ಮ, ಸುಮ್ನೆ ನಗ್ತಾ ಇರು. ನಾನ್ ಹೇಳ್ಕೋತೀನಿ."

ಕೌಂಟರಿನ ಹಿಂದೆ ಇದ್ದವಳು ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಎಲ್ಲ ಪಾಸ್‌ಪೋರ್ಟುಗಳನ್ನೂ ನೋಡಿ, ಲೀಲಮ್ಮನದನ್ನು ತೆರೆದಿಟ್ಟುಕೊಂಡು, ಇವರು ಇನ್ನೆಷ್ಟು ದಿನ ಇರುತ್ತಾರೆ ಎಂದು ಕೇಳಿದಳು. "ಸಿಕ್ಸ್ ಮಂತ್ಸ್" ಎಂದ ಸುಮುಖ್. ಆಕೆ ಅಂಗೈ ಎತ್ತಿ ಅವನನ್ನು ತಡೆದಳು. ನಾನು ಅವರನ್ನು ಕೇಳುತ್ತಿದ್ದೇನೆ ಎಂದಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದ ಸುಮುಖ್.

ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎನ್ನುವುದು ಅವನಿಗೇನು ಗೊತ್ತು? ಐದು ತಿಂಗಳು ಮಗುವಿನ ಜೊತೆ ಕೂತು ಟೀವಿ ನೋಡಿದವಳು ಅವಳು. ಹಿಂದೆ ಸರತಿಯಲ್ಲಿ ರಾಜೇಶ್ವರಿ, ಚನ್ನಬಸಪ್ಪ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹತ್ತು ಜನರ ಮುಂದೆ ಮಗನನ್ನು ಬಿಟ್ಟುಕೊಡಬಾರದು. ಆದರೆ ಇಡೀ ವಾರದಲ್ಲಿ ಅವಳನ್ನು ಒಂದು ಪ್ರಶ್ನೆ ಕೇಳಿದವಳು ಈ ಗುರುತಿಲ್ಲದ ಹೆಂಗಸು ಒಬ್ಬಳೇ.

"ಎಯ್ಟೀನ್ ಫೆಬ್ರವರಿ," ಎಂದಳು ಲೀಲಮ್ಮ. "ಐ ಗೋ ಹೋಮ್. ಟಿಕೆಟ್ ಈಸ್ ದೇರ್."

ನಿಮ್ಮ ಮಗ ಆರು ತಿಂಗಳು ಎನ್ನುತ್ತಿದ್ದಾರಲ್ಲ ಎಂದಳು ಆಕೆ.

"ಹೀ ಡಿಡ್ ನಾಟ್ ಆಸ್ಕ್ ಮಿ."

ಆಕೆ ಸುಮುಖ್‌ನನ್ನು ಒಂದು ಸಲ ನೋಡಿದಳು. ಮುದ್ರೆ ಒತ್ತಿ, ಅಲ್ಲಿಯ ತನಕ ಮಾತ್ರ ಇರಬಹುದೆಂದು ಅದರ ಕೆಳಗೆ ಪೆನ್ನಿನಿಂದ ಫೆಬ್ರವರಿ ಕೊನೆಯ ದಿನವನ್ನು ಬರೆದು, ಮುಂದಿನವರನ್ನು ಕರೆದಳು.

ಎಲ್ಲರೂ ಪಾರ್ಕಿಂಗಿಗೆ ಬಂದರು. ಶರ್ವಾಣಿ ತಲೆ ತಗ್ಗಿಸಿ ಮಗುವನ್ನು ಕಾರ್‌ಸೀಟಿಗೆ ಕಟ್ಟುತ್ತಿದ್ದಳು. ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ ಸುಮುಖ್ ತಟ್ಟನೆ ತಿರುಗಿದ. ಅವನ ಕಣ್ಣು ಕೆಂಪಗಾಗಿತ್ತು.

"ಎಲ್ಲರ ಮುಂದೆ ನನ್ ಮಾನ ತೆಗೆದೆ. ಮೊಮ್ಮಗಳಿಗಿಂತ ಹಪ್ಪಳ ಹೆಚ್ಚಾಯ್ತಾ ಅಮ್ಮ ನಿಂಗೆ?"

ಲೀಲಮ್ಮ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತಳು. ಇಂಚರಾ ಕೈಗವಸು ಕಳಚಿ ಎಸೆದು ಅಜ್ಜಿಯ ಬೆರಳು ಹಿಡಿದುಕೊಂಡಳು.

"ಆ ತೂಕ ಹಾಕ್ಬೇಡ ಕಣೋ," ಎಂದಳು. "ಮನೇಲಿ ಕೂರಿಸ್ಕೊಂಡು, ಅಮ್ಮ ಕಷ್ಟ ಆಗಿದೆ, ಇರ್ತೀಯಾ ಅಂತ ಒಂದೇ ಒಂದ್ ಸಲ ಕೇಳಿದ್ದಿದ್ರೆ ಇದ್ಬಿಡ್ತಿದ್ದೆ."

ಅದು ಚುಚ್ಚುವುದಕ್ಕೆ ಹೇಳಿದ ಮಾತಲ್ಲ. ಅದು ನಿಜವೆಂದು ಅವಳಿಗೂ ಗೊತ್ತಾದದ್ದು ಹೇಳಿದ ಮೇಲೆಯೇ. ಸುಮುಖ್ ಗಾಜಿನ ಮೇಲೆ ಉಳಿದಿದ್ದ ಹಿಮವನ್ನು ಕೆರೆದು ಮುಗಿಸಿ, ಬ್ರಷ್ಷನ್ನು ಡಿಕ್ಕಿಗೆ ಹಾಕಿದ. ಆಮೇಲೆ ಬಂದು ಕಾರು ಶುರುಮಾಡಿದ.