ಇಲ್ಲದ ಶುಕ್ರವಾರ

"ಇಬ್ಬರಿಗೂ ಸೊನ್ನೆ ಕಣೇ. ಹೊರದೇಶದ ಪರೀಕ್ಷಕರು ನಮ್ಮಿಬ್ಬರ ಪ್ರಾಜೆಕ್ಟಿಗೂ ಸೊನ್ನೆ ಹಾಕಿದಾರೆ. ಕಾಪಿ ಅಂತೆ."

ಚಿಕ್ಕಪ್ಪನ ಮಗಳು ಲಗಿ ಓಡ್ಕೊಂಡು ಬಂದು ಇಷ್ಟು ಹೇಳೋ ಹೊತ್ತಿಗೆ, ಫೆತು ತಿಂತಿದ್ದ ಬನ್ನು ಬಿಟ್ಟು ಎದ್ಲು. ಹುಟ್ಟಿದ ತಾರೀಖು ಹಾಕಿದ್ರೆ ಎಷ್ಟು ದಿನ ಬದುಕಿದೀರಿ ಅಂತ ಹೇಳೋ ಪ್ರೋಗ್ರಾಂ ಅದು. ಈ ಅಂಕ ಹೋದ್ರೆ ಯೂನಿವರ್ಸಿಟಿ ಸೀಟೂ ಹೋದ ಹಾಗೇ.

ಇಬ್ಬರೂ ಲ್ಯಾಬಿಗೆ ಹೋದಾಗ ಕಂಪ್ಯೂಟರ್ ಮೇಷ್ಟ್ರು ಸೆಮಿಸಿ ಸಾರ್ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಕೊಂಡು ಕೂತಿದ್ರು.

"ಇಬ್ಬರದ್ರಲ್ಲೂ ಒಂದು ದಿನ ಕಮ್ಮಿ ಬರ್ತಿದೆ. ಒಂದೇ ತಪ್ಪು, ಅದೂ ಒಂದೇ ಸಾಲಲ್ಲಿ ಅಂತ ಬರೆದಿದಾರೆ."

"ಅದು ತಪ್ಪಲ್ಲ ಸಾರ್," ಫೆತು ಸೆಟೆದು ನಿಂತ್ಲು. "2011ರಲ್ಲಿ ನಮ್ಮ ಸಮೋವಾಕ್ಕೆ ಡಿಸೆಂಬರ್ ಮೂವತ್ತು ಬರ್ಲೇ ಇಲ್ವಲ್ಲ. ಅಕ್ಕಪಕ್ಕದ ದೇಶಗಳ ಜೊತೆ ದಿನ ಹೊಂದ್ಲಿ ಅಂತ ಸರ್ಕಾರದವ್ರು ತಾರೀಖು ಒಂದು ದಿನ ಮುಂದೆ ಹಾಕಿದ್ರು. ಗುರುವಾರ ಮಲಗಿದವ್ರು ಎದ್ದಿದ್ದೇ ಶನಿವಾರ. ಆ ಒಂದು ದಿನಾನ ಲೆಕ್ಕದಿಂದ ಕಳೆದಿದೀನಿ. ಅವರೂರಲ್ಲಿ ಶುಕ್ರವಾರ ಇತ್ತು, ಅವ್ರಿಗೇನು ಗೊತ್ತು?"

ಸಾರ್ ತುಟಿ ಸ್ವಲ್ಪ ಅಲುಗ್ತು. ಗೆದ್ದೆ ಅಂದ್ಕೊಂಡ್ಲು ಫೆತು.

ಅವರು ಅವಳ ಪ್ರೋಗ್ರಾಂಗೆ ಒಂದು ತಾರೀಖು ಒತ್ತಿದ್ರು. "ನನ್ನ ಚಿಕ್ಕ ಮಗಳು. ಹುಟ್ಟಿದ್ದು 2014ರಲ್ಲಿ. ಇವಳಿಗ್ಯಾಕೆ ಒಂದು ದಿನ ಕಮ್ಮಿ? ಆ ಶುಕ್ರವಾರ ಮಾಯ ಆದಾಗ ಇವಳು ಹುಟ್ಟೇ ಇರ್ಲಿಲ್ಲ."

ಫೆತು ಕಿವಿ ಬಿಸಿ ಆಯ್ತು. ಪ್ರೋಗ್ರಾಂ ಓಡಿಸಿ ನೋಡಿದ್ದು ಕ್ಲಾಸಿನವರ ಮೇಲೆ, ಅಜ್ಜಿ ಮೇಲೆ, ಪಾದ್ರಿಗಳ ಮೇಲೆ. ಎಲ್ರೂ ಆ ಶುಕ್ರವಾರಕ್ಕೂ ಮೊದ್ಲೇ ಹುಟ್ಟಿದವ್ರು. ಒಂದು ಚಿಕ್ಕ ಮಗೂನ ಹಾಕಿ ನೋಡೋಣ ಅಂತ ಹೊಳೀಲೇ ಇಲ್ಲ.

ಸಾರ್ ಅದೇ ತಾರೀಖನ್ನ ಲಗಿ ಪ್ರೋಗ್ರಾಂಗೂ ಹಾಕಿದ್ರು. ಅಲ್ಲೂ ಒಂದು ಕಮ್ಮಿ.

"ಸರಿ ಇರೋ ಅರ್ಧಾನೂ ಇಬ್ಬರದ್ದೂ ಒಂದೇ, ತಪ್ಪಿರೋ ಅರ್ಧಾನೂ ಒಂದೇ. ಯಾರು ಬರೆದಿದ್ದು?"

ಲಗಿ ಫ್ಯಾನ್ ರೆಕ್ಕೆ ಎಣಿಸ್ತಿದ್ಲು. ಅವಳು ಕಾಪಿ ಮಾಡಿದ್ಲು ಅಂದ್ಬಿಟ್ರೆ ತಾನು ಉಳ್ಕೋತೀನಿ ಅಂತ ಫೆತುಗೆ ಗೊತ್ತು. ಆದ್ರೆ ಭಾನುವಾರ ಊಟಕ್ಕೆ ಕೂರೋದು ಒಂದೇ ಚಾಪೆ ಮೇಲೆ.

"ಬರೆದಿದ್ದು ನಾನು. ಅವಳು ಕೇಳಿದ್ಲು, ಕೊಟ್ಟೆ. ಕೊಟ್ಟಿದ್ದು ನನ್ನ ತಪ್ಪೂ ಹೌದು. ಕೇಳಿದವ್ರಿಗೆ ಇಲ್ಲ ಅಂದ್ರೆ ನಮ್ಮಜ್ಜಿ ಪೊರಕೆ ತಗೋತಾರೆ ಸಾರ್."

"ಕೆಸುವಿನ ಗೆಡ್ಡೆ ಕೇಳಿದ್ರೆ ಕೊಡು. ಇದನ್ನ ಕೊಟ್ರೆ ಅವಳ ಹೊಟ್ಟೆ ತುಂಬಲ್ಲ."

ಸಾರ್ ಪರೀಕ್ಷಕರಿಗೆ ಫೋನ್ ಮಾಡ್ಕೊಂಡು ಆಚೆ ಹೋದ್ರು. ಗಾಜಿನ ಆಚೆ ಅವರ ಕೈ ಮೇಲೆ ಕೆಳಗೆ ಆಡ್ತಿತ್ತು. ಏನೂ ಕೇಳಿಸ್ಲಿಲ್ಲ.

ವಾಪಸ್ ಬಂದವ್ರು ಕೂರ್ಲಿಲ್ಲ. "ಒಂದೇ ಒಂದು ಅವಕಾಶ ಕೊಟ್ಟಿದಾರೆ. ವಿಡಿಯೋದಲ್ಲಿ ಅವರ ಮುಂದೆ, ಒಬ್ಬೊಬ್ಬರೇ ಕೂತು ಆ ಸಾಲು ಸರಿ ಮಾಡ್ಬೇಕು. ಮಾಡಿದವ್ರಿಗೆ ಅಂಕ. ಮಾಡದವ್ರಿಗೆ ಸೊನ್ನೆನೇ."

ಲಗಿ ಫೆತು ತೋಳು ಹಿಂಡಿದ್ಲು. "ಲೇ, ಆ ಸಾಲು ಎಲ್ಲಿದೆ ಅಂತಾನೂ ನಂಗೊತ್ತಿಲ್ಲ."

"ಹುಡುಕು. ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ. ಬರ್ಕೊಡಲ್ಲ."

"ವಿಡಿಯೋ ನಾಳೆ ಬೆಳಗ್ಗೆ ಎಂಟಕ್ಕೆ, ಇಲ್ಲೇ," ಅಂದ್ರು ಸಾರ್. "ಎಂಟೂ ಐದಕ್ಕಲ್ಲ."